ದ್ವೀಪ ಕಟ್ಟದ ಕೋಶಗಳು: ಆಮೆಯ ಮೇದೋಜೀರಕ ಹೇಳುವ ಕಥೆ

ಮೇದೋಜೀರಕ ಗ್ರಂಥಿಯ ಹಾರ್ಮೋನ್ ಕೋಶಗಳೆಂದರೆ ಪಠ್ಯಪುಸ್ತಕದಲ್ಲಿ ದುಂಡನೆಯ ಗುಂಪುಗಳ ಚಿತ್ರವಿರುತ್ತದೆ. ಮೊಲಕ್ಕೆ, ಇಲಿಗೆ, ಮನುಷ್ಯನಿಗೆ ಆ ಚಿತ್ರ ಸರಿ. ಆಮೆಯ ಗ್ರಂಥಿಯ ತೆಳುಪದರವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಅಂಥ ಅಚ್ಚುಕಟ್ಟಾದ ಗುಂಪು ಸುಲಭಕ್ಕೆ ಸಿಗುವುದಿಲ್ಲ. ಜೀರ್ಣರಸದ ಕೋಶಗಳ ನಡುವೆ ಇಲ್ಲೊಂದು ಇನ್ಸುಲಿನ್ ಕೋಶ, ಅಲ್ಲೆರಡು ಗ್ಲುಕಗಾನ್ (ರಕ್ತದ ಸಕ್ಕರೆಯನ್ನು ಏರಿಸುವ ಹಾರ್ಮೋನ್) ಕೋಶಗಳು ಹುದುಗಿರುತ್ತವೆ. ಸಣ್ಣಪುಟ್ಟ ಗುಂಪುಗಳೂ ಉಂಟು; ಗುಲ್ಮದ ಕಡೆಯ ತುದಿಯಲ್ಲಿ ಅವು ಹೆಚ್ಚು. ಕೋಶಗಳು ಎಲ್ಲಿ, ಯಾರ ಜೊತೆ ಕುಳಿತಿವೆ ಎಂಬ ಈ ಸಂಗತಿ ಚಿಲ್ಲರೆ ವಿವರವಲ್ಲ. ಇನ್ಸುಲಿನ್ನಿನ ಚರಿತ್ರೆಯೇ ಅದರ ಮೇಲೆ ನಿಂತಿದೆ.

1869ರಲ್ಲಿ ಬರ್ಲಿನ್ನಿನ 21 ವರ್ಷದ ವಿದ್ಯಾರ್ಥಿ ಪೌಲ್ ಲ್ಯಾಂಗರ್‌ಹ್ಯಾನ್ಸ್ ಮೊಲದ ಮೇದೋಜೀರಕದಲ್ಲಿ ಸುತ್ತಲಿನವಕ್ಕಿಂತ ಭಿನ್ನವಾದ ಪುಟ್ಟ ಕೋಶಗಳ ಗುಂಪುಗಳನ್ನು ಗುರುತಿಸಿದ. ಅವುಗಳ ಕೆಲಸವೇನೆಂದು ಆತನಿಗೆ ಹೊಳೆಯಲಿಲ್ಲ. 1888ರಲ್ಲಿ ಆತ ತೀರಿಕೊಂಡ. ಮರುವರ್ಷವೇ ಸ್ಟ್ರಾಸ್‌ಬರ್ಗ್‌ನಲ್ಲಿ ಮಿಂಕೋವ್ಸ್ಕಿ ಮತ್ತು ಫಾನ್ ಮೆರಿಂಗ್ ನಾಯಿಯ ಮೇದೋಜೀರಕವನ್ನು ತೆಗೆದು ಅದಕ್ಕೆ ಮಧುಮೇಹ ಬರುವುದನ್ನು ಕಂಡರು. ಶೀತರಕ್ತದ ಪ್ರಾಣಿಗಳಿಗೂ ಹೀಗಾಗುತ್ತದೆಯೇ? 1890ರ ದಶಕದ ಆರಂಭದಲ್ಲಿ ಆಲ್ಡೆಹಾಫ್ ಕಪ್ಪೆ ಮತ್ತು ಆಮೆಗಳ ಮೇಲೆ ಅದನ್ನೇ ಮಾಡಿ ನೋಡಿದ. ಅವುಗಳಲ್ಲೂ ಮೂತ್ರದಲ್ಲಿ ಸಕ್ಕರೆ ಕಾಣಿಸಿಕೊಂಡಿತು. ಫ್ರಾನ್ಸಿನ ಲಾಗೆಸ್ 1893ರಲ್ಲಿ ಆ ಗುಂಪುಗಳಿಗೆ ಲ್ಯಾಂಗರ್‌ಹ್ಯಾನ್ಸ್ ದ್ವೀಪಗಳೆಂದು ಹೆಸರಿಟ್ಟು, ರಕ್ತಕ್ಕೆ ಸ್ರವಿಸುವ ವಸ್ತು ಅಲ್ಲೇ ಹುಟ್ಟುತ್ತಿರಬೇಕೆಂದು ಊಹಿಸಿದ.

ಊಹೆಯನ್ನು ಸಾಬೀತು ಮಾಡುವುದು ಮಾತ್ರ ದುಸ್ತರವಾಗಿತ್ತು. ಮನುಷ್ಯನ ಮೇದೋಜೀರಕದಲ್ಲಿ ದ್ವೀಪಗಳ ಪಾಲು ನೂರಕ್ಕೆ ಒಂದೆರಡು ಮಾತ್ರ. ಉಳಿದದ್ದೆಲ್ಲ ಪ್ರೋಟೀನ್ ಅರಗಿಸುವ ರಸದ ಕಾರ್ಖಾನೆ. ಗ್ರಂಥಿಯನ್ನು ಅರೆದರೆ ಆ ರಸವೇ ಇನ್ಸುಲಿನ್ನನ್ನು ಹಾಳುಮಾಡುವ ಅಪಾಯವಿತ್ತು. ಟೊರಾಂಟೊದಲ್ಲಿ 1921-22ರಲ್ಲಿ ಬ್ಯಾಂಟಿಂಗ್, ಬೆಸ್ಟ್, ಕಾಲಿಪ್ ಮತ್ತು ಮೆಕ್ಲಿಯಡ್ ಈ ತೊಡಕನ್ನು ದಾಟಿ ರೋಗಿಗಳಿಗೆ ಕೊಡಬಹುದಾದ ಇನ್ಸುಲಿನ್ ತೆಗೆದರು. ಆದರೆ ಅದು ದ್ವೀಪಗಳಿಂದಲೇ ಬಂದದ್ದು ಎನ್ನಲು ನೇರ ಸಾಕ್ಷ್ಯ ಬೇಕಿತ್ತು. ಅದನ್ನು ಒದಗಿಸಿದ್ದು ಮೀನು. ಆಂಗ್ಲರ್‌ನಂಥ ಕೆಲವು ಮೀನುಗಳಲ್ಲಿ ಹಾರ್ಮೋನ್ ಕೋಶಗಳು ಬರಿಗಣ್ಣಿಗೆ ಕಾಣುವ ಗಂಟಾಗಿ, ಜೀರ್ಣರಸದ ಭಾಗದಿಂದ ಬೇರೆಯಾಗಿಯೇ ಇರುತ್ತವೆ. ಮೆಕ್ಲಿಯಡ್ 1922ರಲ್ಲಿ ಎರಡನ್ನೂ ಬಿಡಿಸಿ ಪರೀಕ್ಷಿಸಿದರು. ಗಂಟಿನ ಸಾರದಲ್ಲಿ ಇನ್ಸುಲಿನ್ ಧಾರಾಳವಾಗಿತ್ತು, ಇನ್ನೊಂದರಲ್ಲಿ ಇರಲಿಲ್ಲ. ಟೊರಾಂಟೊ ಕಥೆಯಲ್ಲಿ ಇಷ್ಟು ಚೊಕ್ಕವಾದ ಪ್ರಯೋಗ ಇನ್ನೊಂದಿಲ್ಲ ಎಂದೇ ನನ್ನ ಅಭಿಪ್ರಾಯ. ಇನ್ಸುಲಿನ್ನಿನ ಕೀರ್ತಿ ಯಾರಿಗೆ ಸಲ್ಲಬೇಕೆಂಬ ನೊಬೆಲ್ ಜಗಳದ ಗದ್ದಲದಲ್ಲಿ ಅದು ಮರೆತೇಹೋಗಿರುವುದು ಬೇಸರದ ಸಂಗತಿ.

ಆಮೆಯಂತೆ ಕೋಶಗಳು ಚದುರಿದ್ದರೆ ಹೀಗೆ ಬಿಡಿಸುವಂತೆಯೇ ಇಲ್ಲ. ಹಾರ್ಮೋನಿಗೆ ಅಂಟುವ ಪ್ರತಿಕಾಯಗಳಿಂದ ಒಂದೊಂದೇ ಕೋಶಕ್ಕೆ ಬಣ್ಣ ಕಟ್ಟುವ ವಿಧಾನ ಬಂದ ಮೇಲೆ ಅಲ್ಲಿಯ ಲೆಕ್ಕ ಸ್ಪಷ್ಟವಾಯಿತು: ಇನ್ಸುಲಿನ್, ಗ್ಲುಕಗಾನ್, ಸೊಮ್ಯಾಟೊಸ್ಟ್ಯಾಟಿನ್, ಪ್ಯಾಂಕ್ರಿಯಾಟಿಕ್ ಪಾಲಿಪೆಪ್ಟೈಡ್, ಹೀಗೆ ಈ ಹಾರ್ಮೋನುಗಳನ್ನು ತಯಾರಿಸುವ, ನಮ್ಮಲ್ಲಿರುವ ಮುಖ್ಯವಾದ ನಾಲ್ಕು ಬಗೆಯ ಕೋಶಗಳೂ ಆಮೆಯಲ್ಲಿವೆ. 1990ರಲ್ಲಿ ಕೆಂಪುಕಿವಿಯ ಆಮೆಯ ಇನ್ಸುಲಿನ್ನನ್ನು ಬೇರ್ಪಡಿಸಿದಾಗ ಅದು ಕೋಳಿಯ ಇನ್ಸುಲಿನ್ನಿನಂತೆಯೇ ಇತ್ತು. ದವಡೆಯಿಲ್ಲದ ಹ್ಯಾಗ್‌ಫಿಶ್‌ನಲ್ಲಾದರೋ ಮೇದೋಜೀರಕವೆಂಬ ಅಂಗವೇ ಇಲ್ಲ. ಪಿತ್ತನಾಳದ ಬುಡದಲ್ಲಿ ಒಂದು ಪುಟ್ಟ ಅಂಗವಿದ್ದು, ಅದರಲ್ಲಿ ಬಹುಪಾಲು ಇನ್ಸುಲಿನ್ ಕೋಶಗಳೂ ಅಲ್ಪಸ್ವಲ್ಪ ಸೊಮ್ಯಾಟೊಸ್ಟ್ಯಾಟಿನ್ ಕೋಶಗಳೂ ಇವೆ. ಇನ್ಸುಲಿನ್ ಕೋಶ ಮೊದಲು, ಉಳಿದವು ಆಮೇಲೆ ಬಂದು ಸೇರಿದವು ಎಂದು ಸ್ವೀಡನ್ನಿನ ಸ್ಟೂರೆ ಫಾಲ್ಕ್‌ಮೇರ್ ವಾದಿಸಿದ್ದು ಇಂಥ ಹೋಲಿಕೆಗಳಿಂದಲೇ.

ಆಂಗ್ಲರ್ ಮೀನಿನ ಗಂಟು 1980ರ ದಶಕದಲ್ಲಿ ಮತ್ತೆ ಪ್ರಯೋಗಾಲಯದ ಮೇಜಿಗೆ ಬಂತು. ಬಾಸ್ಟನ್ನಿನ ಜೋಯೆಲ್ ಹ್ಯಾಬನರ್ ತಂಡ ಅದರ ಗ್ಲುಕಗಾನ್ ತಯಾರಿಯ ವಂಶವಾಹಿ ಸಂಕೇತವನ್ನು ಓದುವಾಗ, ಪಕ್ಕದಲ್ಲೇ ಗ್ಲುಕಗಾನನ್ನು ಹೋಲುವ ಇನ್ನೊಂದು ಪೆಪ್ಟೈಡಿನ (ಪ್ರೋಟೀನಿನಂಥ ಕಿರು ಸರಪಳಿಯ) ಸಂಕೇತವೂ ಸಿಕ್ಕಿತು. ಸಸ್ತನಿಗಳಲ್ಲಿ ಅದರ ನಂಟಿನ, ಇನ್ಸುಲಿನ್ ಸ್ರವಿಕೆಯನ್ನು ಹೆಚ್ಚಿಸುವ ಪೆಪ್ಟೈಡಿಗೆ ಜಿಎಲ್‌ಪಿ-1 ಎಂದು ಹೆಸರು. ಇಂದು ಮಧುಮೇಹಕ್ಕೂ ಬೊಜ್ಜಿಗೂ ವೈದ್ಯರು ಬರೆದುಕೊಡುವ ಸೆಮಾಗ್ಲುಟೈಡ್ ಅದನ್ನೇ ಮಾದರಿಯಾಗಿಟ್ಟುಕೊಂಡು ತಯಾರಿಸಿದ ಔಷಧ.