ಬೆಲ್ಲದ ಅಚ್ಚು, ಆಕಾಶದ ಬಂಡೆ

ಮಂಡ್ಯದ ಬೆಲ್ಲದ ಮಂಡಿಗೆ ದೊಡ್ಡಪ್ಪನ ಜೊತೆ ಹೋದಾಗಲೆಲ್ಲ ಒಂದು ದೃಶ್ಯ ತಪ್ಪುತ್ತಿರಲಿಲ್ಲ. ಅವರು ಅಚ್ಚೊಂದನ್ನು ಎತ್ತಿಕೊಂಡು ಬಿಸಿಲಿಗೆ ಹಿಡಿಯುತ್ತಿದ್ದರು. ಆಮೇಲೆ ಅದನ್ನು ಇನ್ನೊಂದು ಅಚ್ಚಿಗೆ ಕುಟ್ಟಿ ಮೂಲೆ ಮುರಿದು, ಒಳಗಿನ ಬಣ್ಣ ನೋಡಿ, ಚೂರನ್ನು ಬಾಯಿಗೆ ಹಾಕಿಕೊಂಡ ಮೇಲೆಯೇ ದರದ ಮಾತು. "ಮೇಲ್ಗಡೆ ಬಣ್ಣ ನೋಡಿ ಯಾಮಾರ್ಬ್ಯಾಡ ಕನಪ್ಪ. ಗಾಳಿ ಆಡಿ ಕಪ್ಪಾಗಿರ್ತದೆ, ಒಡ್ದು ನೋಡು" ಅನ್ನುತ್ತಿದ್ದರು.

ಭೂಮಿಯ ಸುತ್ತಮುತ್ತ ಸುಳಿಯುವ ಕ್ಷುದ್ರಗ್ರಹಗಳು ಯಾವ ಕಲ್ಲಿನವು ಎಂದು ಹುಡುಕುವ ವಿಜ್ಞಾನಿಗಳದ್ದೂ ಇದೇ ಪಾಡು. ಆದರೆ ಅವರಿಗೆ ಒಡೆದು ನೋಡುವ ಭಾಗ್ಯವಿಲ್ಲ. ಸೂರ್ಯನಿಂದ ಸುಮಾರು 19.4 ಕೋಟಿ ಕಿಲೋಮೀಟರಿಗಿಂತ ಹತ್ತಿರ ಬರುವ ಇಂಥ ಬಂಡೆಗಳು ಇದುವರೆಗೆ 35 ಸಾವಿರಕ್ಕೂ ಹೆಚ್ಚು ಸಿಕ್ಕಿವೆ. ಅವುಗಳಲ್ಲಿ ಮಣ್ಣು ತಂದು ಕೈಯಲ್ಲಿ ಹಿಡಿದು ನೋಡಿದ್ದು ಇಟೊಕಾವಾ, ರ್‍ಯುಗು, ಬೆನ್ನು ಎಂಬ ಮೂರರದ್ದು. ಮಿಕ್ಕವೆಲ್ಲ ದೂರದರ್ಶಕದಲ್ಲಿ ಬರೀ ಚುಕ್ಕೆ. ಆ ಚುಕ್ಕೆಯ ಬೆಳಕೇ ಇರುವ ಸಾಕ್ಷಿ.

ಕ್ಷುದ್ರಗ್ರಹಕ್ಕೆ ಸ್ವಂತ ಬೆಳಕಿಲ್ಲ, ಬಿಸಿಲನ್ನು ಹಿಂದಕ್ಕೆ ಎಸೆಯುತ್ತದೆ ಅಷ್ಟೆ. ಎಸೆಯುವಾಗ ಅದರ ಖನಿಜಗಳು ಕೆಲವು ಬಣ್ಣಗಳನ್ನು ಹೆಚ್ಚು ನುಂಗಿಕೊಳ್ಳುತ್ತವೆ. ಹಾಗೆ ಬಂದ ಬೆಳಕನ್ನು ಬಣ್ಣ ಬಣ್ಣವಾಗಿ ಬಿಡಿಸಿ ಹರಡಿದರೆ ಸಿಗುವುದು ರೋಹಿತ. ಆದರೆ ಸಿಕ್ಕ ರೋಹಿತದಲ್ಲಿ ಕಲ್ಲಿನ ಗುಣ ಎಷ್ಟು, ಸೂರ್ಯನ ಗುಣ ಎಷ್ಟು? ಮೈಸೂರಿನ ಅಂಗಡಿಯಲ್ಲಿ ರೇಷ್ಮೆ ಸೀರೆ ಆರಿಸುವ ಹೆಂಗಸರು ಅದನ್ನು ಬಾಗಿಲ ಹೊರಗೆ ತಂದು ಹಗಲ ಬೆಳಕಿನಲ್ಲಿ ನೋಡುವುದು ಈ ತೊಡಕಿಗೇ. ದೀಪದ ಬಣ್ಣ ಸೀರೆಯ ಬಣ್ಣಕ್ಕೆ ಸೇರಿಕೊಂಡಿರುತ್ತದೆ. ಸೂರ್ಯನೆಂಬ ದೀಪವನ್ನು ಬದಲಿಸಲಾಗದ ಖಗೋಳಜ್ಞರು ಬೇರೆ ದಾರಿ ಹಿಡಿಯುತ್ತಾರೆ. ಅದೇ ರಾತ್ರಿ, ಅದೇ ಉಪಕರಣದಲ್ಲಿ, ಥೇಟ್ ಸೂರ್ಯನಂತಿರುವ ಒಂದು ನಕ್ಷತ್ರದ ರೋಹಿತವನ್ನೂ ತೆಗೆದು, ಅದರಿಂದ ಕ್ಷುದ್ರಗ್ರಹದ ರೋಹಿತವನ್ನು ಭಾಗಿಸುತ್ತಾರೆ. ಬಿಸಿಲು ಕಳೆದುಹೋಗಿ ಕಲ್ಲು ಉಳಿಯುತ್ತದೆ.

ಉಳಿದ ರೋಹಿತವನ್ನು ಗೆರೆಯಾಗಿ ಬರೆದರೆ ಅದರಲ್ಲಿ ಹುಡುಕಬೇಕಾದ್ದು ತಗ್ಗುಗಳನ್ನು, ಎಂದರೆ ಖನಿಜ ಬೆಳಕು ನುಂಗಿದ ಜಾಗಗಳನ್ನು. ಕಣ್ಣಿಗೆ ಕಾಣುವ ಕೆಂಪು ಮುಗಿದು ಅವಕೆಂಪು ಶುರುವಾದ ಮೇಲೆ, 1 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ತರಂಗಾಂತರದ ಆಸುಪಾಸಿನಲ್ಲಿ ಅಗಲವಾದ ಒಂದೇ ತಗ್ಗು ಕಂಡರೆ ಅದು ಒಲಿವೀನ್ ಎಂಬ ಖನಿಜ. ಅಲ್ಲಿಯೂ 2 ಮೈಕ್ರಾನ್ ಹತ್ತಿರವೂ ಎರಡು ತಗ್ಗುಗಳಿದ್ದರೆ ಪೈರಾಕ್ಸೀನ್. ಎರಡಕ್ಕೂ ಕಾರಣ ಹರಳಿನೊಳಗೆ ಕೂತಿರುವ ಕಬ್ಬಿಣ. ತಗ್ಗಿನ ಆಳ, ಅಗಲ, ನಡುಬಿಂದು ಎಲ್ಲಿದೆ ಎಂಬುದರಿಂದ ಯಾವುದು ಎಷ್ಟು ಬೆರೆತಿದೆ ಎಂಬ ಅಂದಾಜೂ ಸಿಗುತ್ತದೆ. 2.7 ಮೈಕ್ರಾನ್ ಬಳಿ ತಗ್ಗಿದ್ದರೆ ಖನಿಜ ಯಾವ ಕಾಲದಲ್ಲೋ ನೀರು ಕುಡಿದಿದೆ ಎಂದರ್ಥ.

ಈ ಖನಿಜಗಳಿಗಾಗಿ ಆಕಾಶಕ್ಕೇ ಹೋಗಬೇಕಿಲ್ಲ. ಮೈಸೂರಿನ ಪಕ್ಕದ ಸಿಂಧುವಳ್ಳಿ ಸೀಮೆಯಲ್ಲಿ ಕ್ರೋಮೈಟ್ ಎಂಬ ಅದಿರು ಅಗೆದ ಕಡೆ ಇರುವುದು ಒಲಿವೀನ್ ತುಂಬಿದ ಡ್ಯುನೈಟ್ ಜಾತಿಯ ಕಲ್ಲು. ಬಹುಪಾಲು ಒಲಿವೀನ್ ನೀರಿನ ಸಹವಾಸದಲ್ಲಿ ಸರ್ಪೆಂಟೈನ್ ಎಂಬ ಹಸಿರು, ನುಣುಪು ಖನಿಜವಾಗಿ ಮಾರ್ಪಟ್ಟಿದೆ. ರ್‍ಯುಗುವಿನ ಮಣ್ಣಲ್ಲೂ ಸರ್ಪೆಂಟೈನ್ ಗುಂಪಿನ ಖನಿಜ ಸಿಕ್ಕಿತು. ನನಗಂತೂ ಆ ಸುದ್ದಿ ಓದಿದಾಗ ಊರಿನವರೊಬ್ಬರು ಪರದೇಶದಲ್ಲಿ ಎದುರಾದ ಹಾಗಾಯಿತು.

ಹೇಳಿದಷ್ಟು ಸುಲಭವಲ್ಲ ಇದು. ನಮ್ಮ ಗಾಳಿಯಲ್ಲಿರುವ ನೀರಾವಿಯೂ ಅವಕೆಂಪನ್ನು ನುಂಗುತ್ತದೆ, ಅದೂ 1.4 ಮತ್ತು 1.9 ಮೈಕ್ರಾನಿನಂಥ ಬೇಕಾದ ಜಾಗದಲ್ಲೇ. ಕಾವೇರಿ ಬಯಲಿನ ಜುಲೈ ತಿಂಗಳಲ್ಲಿ ಈ ಕೆಲಸ ಆಗದು. ಅದಕ್ಕೇ ಹವಾಯಿಯ ಮೌನಾ ಕೇಯದಂಥ ಎತ್ತರದ ಒಣ ಶಿಖರಗಳು ಬೇಕು. ನಮ್ಮಲ್ಲಾದರೆ ಲಡಾಖಿನ ಹಾನ್ಲೆ ಇದೆ. ಸುಮಾರು 4,500 ಮೀಟರ್ ಎತ್ತರದ ಅಲ್ಲಿನ 2 ಮೀಟರ್ ದೂರದರ್ಶಕವನ್ನು ಬೆಂಗಳೂರಿನ ಹತ್ತಿರದ ಹೊಸಕೋಟೆಯಲ್ಲಿ ಕೂತೇ ಉಪಗ್ರಹದ ಮೂಲಕ ನಡೆಸುತ್ತಾರೆ. ಜಾಗ ಸಿಕ್ಕರೂ ಸಮಯ ಸಿಗಬೇಕಲ್ಲ. ಚಿಕ್ಕ ಬಂಡೆಗಳು ಹತ್ತಿರ ಬಂದಾಗ ಕೆಲವೇ ದಿನ ಬೆಳಗಿ ಮತ್ತೆ ಮಸುಕಾಗುತ್ತವೆ.

2008ರ ಅಕ್ಟೋಬರ್ 6ರಂದು ಅಮೆರಿಕದ ಅರಿಜೋನಾದಿಂದ ಕಂಡ 2008 ಟಿಸಿ3 ಎಂಬ ಬಂಡೆಯಂತೂ ದಿನವನ್ನೂ ಕೊಡಲಿಲ್ಲ. ಸುಮಾರು 4 ಮೀಟರಿನ ಅದು ಮಾರನೆಯ ದಿನವೇ ಸುಡಾನಿನ ಮರುಭೂಮಿಯ ಮೇಲೆ ಸಿಡಿಯಿತು. ಅಷ್ಟರೊಳಗೆ ಕ್ಯಾನರಿ ದ್ವೀಪದ ದೂರದರ್ಶಕವೊಂದು ಅದರ ರೋಹಿತ ತೆಗೆದಾಗಿತ್ತು. ಮುಂದೆ ಖಾರ್ಟೂಮಿನ ವಿದ್ಯಾರ್ಥಿಗಳು ಮರಳಿನಲ್ಲಿ ಸಾಲುಗಟ್ಟಿ ನಡೆದು ಚೂರುಗಳನ್ನು ಆರಿಸಿದರು. ಆಕಾಶದಲ್ಲಿ ತೆಗೆದ ರೋಹಿತವನ್ನು ಅದೇ ಕಲ್ಲಿನ ಚೂರಿನ ಪಕ್ಕದಲ್ಲಿಟ್ಟು ನೋಡಲು ಆಗಿದ್ದು ಅದೇ ಮೊದಲು.

ಈಗ ದೊಡ್ಡಪ್ಪನ ಮಾತಿಗೆ ಬರುತ್ತೇನೆ. ಭೂಮಿಗೆ ಬೀಳುವ ಉಲ್ಕಾಶಿಲೆಗಳಲ್ಲಿ ನೂರಕ್ಕೆ ಸುಮಾರು ಎಂಬತ್ತು 'ಸಾಧಾರಣ ಕಾಂಡ್ರೈಟ್' ಜಾತಿಯವು. ಇಷ್ಟೊಂದು ಬೀಳಬೇಕಾದರೆ ಅವುಗಳ ತವರಾದ ಕ್ಷುದ್ರಗ್ರಹಗಳೂ ಬೇಕಾದಷ್ಟಿರಬೇಕು. ಆದರೆ ಹೊಂದುವ ರೋಹಿತ ದಶಕಗಟ್ಟಲೆ ಹುಡುಕಿದರೂ ಸರಿಯಾಗಿ ಸಿಗಲಿಲ್ಲ. ಎಸ್ ಎಂಬ ಗುಂಪಿನವು ಹತ್ತಿರ ಹತ್ತಿರ ಬರುತ್ತಿದ್ದವು, ಆದರೆ ಅವುಗಳ ಬಣ್ಣ ಹೆಚ್ಚು ಕೆಂಪು, ತಗ್ಗುಗಳ ಆಳ ಕಡಿಮೆ. ತವರೇ ಬೇರೆ ಎಂದರು ಕೆಲವರು. ಇಲ್ಲ, ಮೇಲ್ಮೈ ಬಿಸಿಲು ಕಂಡು ಬಣ್ಣಗೆಟ್ಟಿದೆ ಎಂದರು ಇನ್ನು ಕೆಲವರು.

ಜಪಾನಿನ ಹಯಬುಸಾ ನೌಕೆ 2005ರಲ್ಲಿ ಎಸ್ ಗುಂಪಿನ ಇಟೊಕಾವಾದ ಮೇಲಿಳಿದು, ನೂರೆಂಟು ಅಡಚಣೆ ದಾಟಿ 2010ರಲ್ಲಿ ಹಿಂತಿರುಗಿದಾಗ ಅದರ ಪೆಟ್ಟಿಗೆಯಲ್ಲಿದ್ದದ್ದು ಬರಿಗಣ್ಣಿಗೆ ಕಾಣದಷ್ಟು ಸಣ್ಣ ಸಾವಿರದೈನೂರರಷ್ಟು ಕಣ. ಅಷ್ಟೇ ಸಾಕಾಯಿತು. ಕಣದ ಒಳಗೆಲ್ಲ ಸಾಧಾರಣ ಕಾಂಡ್ರೈಟ್. ಅಂಚಿನಲ್ಲಿ ಮಾತ್ರ ತೆಳ್ಳನೆಯ ಪದರ, ಅದರಲ್ಲಿ ಅತಿಸೂಕ್ಷ್ಮ ಕಬ್ಬಿಣದ ಕಾಳುಗಳು. ಸೌರಮಾರುತ, ಎಂದರೆ ಸೂರ್ಯನಿಂದ ಬೀಸಿಬರುವ ಕಣಗಳು, ಮತ್ತು ಧೂಳುಗಾತ್ರದ ಉಲ್ಕೆಗಳ ಹೊಡೆತಕ್ಕೆ ಖನಿಜದೊಳಗಿನ ಕಬ್ಬಿಣ ಹೊರಬಂದು ಲೇಪವಾಗುತ್ತದೆ. ಕಲ್ಲನ್ನು ಕಪ್ಪಗೆ, ಕೆಂಪಗೆ ಮಾಡಿ ತಗ್ಗುಗಳನ್ನು ಮುಚ್ಚುವುದು ಆ ಲೇಪ. ಮೇಲ್ಗಡೆ ಬಣ್ಣ ನೋಡಿ ಯಾಮಾರಿದ್ದರು!

ರ್‍ಯುಗುವಿನಲ್ಲಿ ಜಪಾನಿನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. 2019ರ ಏಪ್ರಿಲಿನಲ್ಲಿ ಸುಮಾರು 2 ಕಿಲೋ ತೂಕದ ತಾಮ್ರದ ಗುಂಡನ್ನು ಹೊಡೆದು ಗುಂಡಿ ಮಾಡಿ, ಅದರ ಪಕ್ಕದಲ್ಲೇ ಇಳಿದು, ಒಳಗಿಂದ ಚಿಮ್ಮಿದ ಮಣ್ಣಿಗೂ ಕೈಹಾಕಿದರು. ಮೂಲೆ ಮುರಿದು ನೋಡುವುದೆಂದರೆ ಅದು.

ಯಾರೂ ಮುರಿಯದಿದ್ದರೂ ಹೊಸ ಮೈ ತೋರಿಸುವ ಬಂಡೆಗಳಿವೆ. ಭೂಮಿಯ ನೆರೆಯ ಕ್ಷುದ್ರಗ್ರಹಗಳಲ್ಲಿ ಕೆಲವಕ್ಕೆ ಉಲ್ಕಾಶಿಲೆಯದೇ ತಾಜಾ ರೋಹಿತವಿದೆ. ಇವನ್ನು ಕ್ಯೂ ಗುಂಪು ಅನ್ನುತ್ತಾರೆ. ಅಮೆರಿಕದ ವಿಜ್ಞಾನಿ ರಿಚರ್ಡ್ ಬಿನ್ಜೆಲ್ ಮತ್ತು ಜೊತೆಗಾರರು ಇವುಗಳ ಹಳೆಯ ಕಕ್ಷೆಗಳನ್ನು ಲೆಕ್ಕಹಾಕಿ 2010ರಲ್ಲಿ ಒಂದು ವಿವರಣೆ ಮುಂದಿಟ್ಟರು. ಈ ಬಂಡೆಗಳು ಹಿಂದಿನ ಐದು ಲಕ್ಷ ವರ್ಷಗಳಲ್ಲಿ ಭೂಮಿಗೆ ಚಂದ್ರನಷ್ಟು ಹತ್ತಿರ ಬಂದು ಹೋಗಿರಬಹುದು, ಆಗ ಭೂಮಿಯ ಸೆಳೆತ ಮೇಲಿನ ಸಡಿಲ ಮಣ್ಣನ್ನು ಅಲ್ಲಾಡಿಸಿ ಹೊರಳಿಸಿರಬಹುದು. ನನಗೆ ಈ ವಿವರಣೆ ಇಷ್ಟ. ಆದರೆ ಇಷ್ಟವಾದದ್ದೆಲ್ಲ ಪೂರ್ತಿ ನಿಜವಾಗಬೇಕಿಲ್ಲ. ಬಿಸಿಲಿನ ಒತ್ತಡಕ್ಕೆ ಬಂಡೆ ವೇಗವಾಗಿ ತಿರುಗತೊಡಗಿದರೂ, ಹಗಲಿರುಳಿನ ಕಾವು ತಂಪಿಗೆ ಕಲ್ಲು ಬಿರುಕುಬಿಟ್ಟರೂ ಒಳಮೈ ಹೊರಬರುತ್ತದೆ.

ಪರೀಕ್ಷೆಗೆ ದಿನ ಗೊತ್ತಾಗಿದೆ. ಸುಮಾರು 350 ಮೀಟರ್ ಗಾತ್ರದ ಅಪೋಫಿಸ್ ಎಂಬ ಕ್ಷುದ್ರಗ್ರಹ 2029ರ ಏಪ್ರಿಲ್ 13ರಂದು, ನಮ್ಮ ಗಡಿಯಾರದಲ್ಲಿ 14ರ ಬೆಳಗಿನ ಜಾವ, ಭೂಮಿಯಿಂದ ಸುಮಾರು 32 ಸಾವಿರ ಕಿಲೋಮೀಟರ್ ಎತ್ತರದಲ್ಲಿ ಹಾದುಹೋಗುತ್ತದೆ. ಟಿವಿ ಉಪಗ್ರಹಗಳಿಗಿಂತಲೂ ಹತ್ತಿರ, ಆದರೆ ಬಡಿಯುವ ಭಯವಿಲ್ಲ. ಅದು ಎಸ್ ಮತ್ತು ಕ್ಯೂ ನಡುವಿನ ಬಣ್ಣದ್ದು, ಎಂದರೆ ಅರ್ಧ ಕಪ್ಪಾದ ಅಚ್ಚು. ಭೂಮಿ ಅಲ್ಲಾಡಿಸಿದ ಮೇಲೆ ಅದರ ರೋಹಿತ ಎಲ್ಲಾದರೂ ಬದಲಾಯಿತೇ ಎಂದು ಜಗತ್ತಿನ ದೂರದರ್ಶಕಗಳೆಲ್ಲ ನೋಡಲಿವೆ. ಬೆನ್ನುವಿನಿಂದ 121.6 ಗ್ರಾಂ ಮಣ್ಣು ತಂದುಕೊಟ್ಟ ನಾಸಾ ನೌಕೆಯನ್ನೇ ಈಗ ಅಪೋಫಿಸ್‌ ಕಡೆ ತಿರುಗಿಸಿದ್ದಾರೆ. ಹತ್ತಿರ ಹೋಗಿ, ಎಂಜಿನ್ ಉರಿಸಿ ಮೇಲಿನ ಮಣ್ಣನ್ನು ಊದಿ, ಕೆಳಗಿನ ಬಣ್ಣ ನೋಡುವುದು ಅದರ ಯೋಜನೆ. ದೊಡ್ಡಪ್ಪನಿಗೆ ಇದನ್ನೆಲ್ಲ ವಿವರಿಸಿದೆ. ಕೊನೆಯವರೆಗೂ ಕೇಳಿ, "ನಾಲ್ಗೆಗೆ ಹಾಕ್ಕಳಕ್ಕಾಗಲ್ವಲ್ಲ, ಅದೇ ಕಷ್ಟ" ಅಂದರು.