ಕಾಲು ಹಾಕೋ ಮುಂಚೆ ಸೊಂಟ ಇಳಿಸಿ

ಭಾನುವಾರ ಬೆಳಿಗ್ಗೆ ಬೆಂಗಳೂರಿನ ಎಚ್‌ಎಸ್‌ಆರ್ ಕಡೆಯ ಯಾವುದಾದರೂ ಫುಟ್‌ಬಾಲ್ ಟರ್ಫ್‌ಗೆ, ಅಂದರೆ ಕೃತಕ ಹುಲ್ಲಿನ ಮೈದಾನಕ್ಕೆ ಹೋಗಿ ಬಲೆಯ ಹೊರಗೆ ಹತ್ತು ನಿಮಿಷ ನಿಲ್ಲಿ. ಒಂದು ಕೂಗು ಖಂಡಿತ ಕಿವಿಗೆ ಬೀಳುತ್ತದೆ. ‘ಕಾಲು ಹಾಕೋ!’ ಕೂಗುವವರು ಹೆಚ್ಚಾಗಿ ಅಪ್ಪಂದಿರು, ಕೆಲವೊಮ್ಮೆ ಕೋಚ್‌ಗಳೂ ಹೌದು. ಒಳಗಿರುವ ಹತ್ತು ವರ್ಷದ ಹುಡುಗ ಪಾಪ, ಹೇಳಿದ ಹಾಗೇ ಮಾಡುತ್ತಾನೆ. ಓಡಿ ಬಂದು ಕಾಲು ಚಾಚುತ್ತಾನೆ. ಎದುರಿನವನು ಚೆಂಡನ್ನು ಒಂದು ಗೇಣು ಪಕ್ಕಕ್ಕೆ ತಳ್ಳಿ ದಾಟಿಕೊಂಡು ಹೋಗುತ್ತಾನೆ. ಅಪ್ಪ ಹಣೆ ಚಚ್ಚಿಕೊಳ್ಳುತ್ತಾರೆ.

ನಾನು ಆಸ್ಟಿನ್ ಟೌನ್ ಸುತ್ತಮುತ್ತ ಹತ್ತರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಫುಟ್‌ಬಾಲ್ ಕಲಿಸುತ್ತೇನೆ. ಟ್ಯಾಕಲ್, ಅಂದರೆ ಎದುರಾಳಿಯಿಂದ ಚೆಂಡು ಕಸಿಯುವುದು, ಬರೀ ಕಾಲಿನ ಕೆಲಸ ಅಂತಲೇ ಎಲ್ಲರೂ ತಿಳಿದುಕೊಂಡಿರುತ್ತಾರೆ. ನನ್ನ ಲೆಕ್ಕದಲ್ಲಿ ಅದು ಮುಕ್ಕಾಲು ಪಾಲು ಸೊಂಟದ ಕೆಲಸ. ಕಾಲು ಬರುವುದು ಕಟ್ಟಕಡೆಗೆ.

ಮೊದಲ ದಿನ ಮಕ್ಕಳಿಗೆ ಒಂದೇ ಪ್ರಶ್ನೆ ಕೇಳುತ್ತೇನೆ. ‘ಯಾರಾದ್ರೂ ಕೋಳಿ ಹಿಡಿದಿದ್ದೀರಾ?’ ಅಪಾರ್ಟ್‌ಮೆಂಟ್ ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ರಜೆಗೆ ಕನಕಪುರದ ಕಡೆಯೋ ಕೋಲಾರದ ಕಡೆಯೋ ಅಜ್ಜಿ ಮನೆಗೆ ಹೋಗುವ ಒಬ್ಬನಾದರೂ ಕೈ ಎತ್ತುತ್ತಾನೆ. ಅವನನ್ನೇ ಕರೆದು ಮಾಡಿ ತೋರಿಸು ಅನ್ನುತ್ತೇನೆ. ಅವನು ನೇರ ಮುನ್ನುಗ್ಗುವುದಿಲ್ಲ. ಮಂಡಿ ಬಗ್ಗಿಸುತ್ತಾನೆ, ಕೈ ಅಗಲಿಸುತ್ತಾನೆ, ಚಿಕ್ಕ ಚಿಕ್ಕ ಹೆಜ್ಜೆ ಇಡುತ್ತಾ ಕೋಳಿಯನ್ನು ಗೋಡೆಯ ಮೂಲೆಗೆ ಒತ್ತಿಕೊಂಡು ಹೋಗುತ್ತಾನೆ. ಅದಕ್ಕೆ ಓಡಲು ದಾರಿ ಇಲ್ಲ ಅಂತಾದ ಮೇಲೆ ಗಬಕ್ಕನೆ ಹಿಡಿಯುತ್ತಾನೆ. ಗೋಲು ಕಾಯುವ ಡಿಫೆಂಡರ್, ಅಂದರೆ ಎದುರಾಳಿಯನ್ನು ತಡೆಯುವ ಆಟಗಾರ, ಮಾಡಬೇಕಾದದ್ದೂ ಇಷ್ಟೇ. ಇಲ್ಲಿ ಗೋಡೆ ಅಂದರೆ ಸೈಡ್ ಲೈನ್.

ಈಗ ನಿಲುವಿನ ವಿಷಯ. ಎದುರಾಳಿಗೆ ಎದೆ ಕೊಟ್ಟು ನೇರ ನಿಲ್ಲಬಾರದು. ಹಾಗೆ ನಿಂತರೆ ಎರಡು ಕಾಲುಗಳ ನಡುವೆ ಬಾಗಿಲು ತೆರೆದಿಟ್ಟ ಹಾಗೆ. ತಿರುಗಿ ಓಡುವುದಕ್ಕೂ ಹೊತ್ತು ಹಿಡಿಯುತ್ತದೆ. ಬಾಗಿಲ ಸಂದಿಯಲ್ಲಿ ನುಸುಳುವಾಗ ಮೈ ಹೇಗಿರುತ್ತದೋ ಹಾಗೆ ಓರೆಯಾಗಿ, ಒಂದು ಕಾಲು ಮುಂದೆ, ಒಂದು ಹಿಂದೆ. ಭಾರ ಪಾದದ ಮುಂಭಾಗದ ಮೇಲೆ, ಹಿಮ್ಮಡಿ ನೆಲಕ್ಕೆ ಸುಮ್ನೆ ತಾಗಿದ ಹಾಗೆ. ಕುಕ್ಕರಗಾಲಲ್ಲಿ ಕೂರಲು ಹೊರಟು ಅರ್ಧಕ್ಕೆ ನಿಂತ ಭಂಗಿ ಅದು. ಕಮೋಡ್ ಬಂದ ಮೇಲೆ ನಮ್ಮ ಮಕ್ಕಳಿಗೆ ಕುಕ್ಕರಗಾಲಲ್ಲಿ ಕೂರುವುದೇ ಮರೆತುಹೋಗಿದೆ. ಹಿಮ್ಮಡಿ ಎತ್ತದೆ ಕೂರು ಅಂದರೆ ಹಿಂದಕ್ಕೆ ಉರುಳಿ ಬೀಳುತ್ತಾರೆ. ಅಂಥವರಿಗೆ ಮನೆಯಲ್ಲಿ ಟಿವಿ ನೋಡುವಾಗ ಕುಕ್ಕರಗಾಲಲ್ಲೇ ಕೂರಲು ಹೇಳಿ ಕಳಿಸುತ್ತೇನೆ.

ಬೆನ್ನು ಬಗ್ಗಿಸುವುದು ಬೇರೆ, ಸೊಂಟ ಇಳಿಸುವುದು ಬೇರೆ. ಮಕ್ಕಳು ಇದನ್ನು ಸದಾ ಕಲಸುಮೇಲೋಗರ ಮಾಡುತ್ತಾರೆ. ತಲೆ ಮುಂದಕ್ಕೆ ಬಗ್ಗಿ ಮಂಡಿ ನೆಟ್ಟಗಿದ್ದರೆ ಒಂದು ನೂಕಿಗೆ ಮುಗ್ಗರಿಸುತ್ತಾರೆ. ಸರ್ಕಾರಿ ಶಾಲೆಯಲ್ಲಿ ಕಬಡ್ಡಿ ಆಡಿದ ಮಕ್ಕಳಿಗೆ ಇದನ್ನು ಹೇಳಿಕೊಡಬೇಕಾಗಿಯೇ ಇಲ್ಲ. ರೈಡರ್ ಎದುರು ಮೈ ತಗ್ಗಿಸಿ, ಕಾಲು ಕತ್ತರಿ ಹಾಕದೆ ಪಕ್ಕಕ್ಕೆ ಸರಿಯುವುದು ಅವರಿಗೆ ರೂಢಿ. ಶೂ ಕೊಡಿಸಿದರೆ ವಾರದಲ್ಲಿ ಡಿಫೆಂಡರ್ ಆಗುತ್ತಾರೆ.

ಎಲ್ಲಕ್ಕಿಂತ ಜಾಸ್ತಿ ಸಮಯ ನಾನು ಕೊಡುವುದು ಕೊನೆಯ ಮೂರು ಹೆಜ್ಜೆಗೆ. ದೂರದಿಂದ ಎಷ್ಟು ಜೋರಾಗಿ ಬೇಕಾದರೂ ಓಡಿ ಬನ್ನಿ. ಹತ್ತಿರ ಬಂದಾಗ ಹೆಜ್ಜೆ ಗಿಡ್ಡ ಆಗಬೇಕು, ಸೊಂಟ ಇಳಿಯಬೇಕು, ಓಟಕ್ಕೆ ಬ್ರೇಕ್ ಬೀಳಬೇಕು. ನಿಲ್ಲುವುದು ಒಂದು ಮಾರು ದೂರದಲ್ಲಿ. ಮಾರು ಅಂದರೆ ಏನು ಅಂತ ಈಗಿನ ಮಕ್ಕಳಿಗೆ ಗೊತ್ತಿಲ್ಲ. ‘ಇಬ್ಬರೂ ಕೈ ಚಾಚಿದರೆ ಬೆರಳು ಬೆರಳು ತಾಗಬೇಕು’ ಅಂತ ಹೇಳಿದರೆ ಅರ್ಥವಾಗುತ್ತದೆ. ಕಣ್ಣು ಚೆಂಡಿನ ಮೇಲಿರಲಿ. ಮುಖ, ಭುಜ, ಕಾಲು ಎಲ್ಲ ಸುಳ್ಳು ಹೇಳುತ್ತವೆ. ಎದುರಾಳಿಯ ಕಾಲಿನಿಂದ ಚೆಂಡು ಚೂರು ದೂರ ಹೋದ ಗಳಿಗೆಯೇ ಕಾಲು ಹಾಕುವ ಗಳಿಗೆ.

ಆಗ ನಿಂತ ಕಾಲು ಚೆಂಡಿನ ಪಕ್ಕದಲ್ಲಿರಬೇಕು, ಅದರ ಮಂಡಿ ಬಗ್ಗಿರಬೇಕು. ಇನ್ನೊಂದು ಪಾದದ ಒಳಬದಿ ಚೆಂಡಿನ ನಟ್ಟನಡುವೆ ಬೀಳಬೇಕು. ಕಾಲಿನ ಗಿಣ್ಣು ಬಿಗಿ, ಮೂಗು ಚೆಂಡಿನ ನೇರಕ್ಕೆ. ಹೆದರಿದ ಮಗು ಇಲ್ಲಿಯೇ ತಪ್ಪು ಮಾಡುತ್ತದೆ. ಪೆಟ್ಟು ತಪ್ಪಿಸಿಕೊಳ್ಳಲು ಮೈ ಹಿಂದಕ್ಕೆ ವಾಲಿಸಿ ಕಾಲನ್ನು ಮಾತ್ರ ಮುಂದೆ ಕಳಿಸುತ್ತದೆ. ಆಗ ಪಾದ ಸಡಿಲ, ಹಿಂದೆ ಮೈಯ ಭಾರ ಇಲ್ಲ. ಎದುರಿನವನ ಪೂರ್ತಿ ಬಲ ಆ ಗಿಣ್ಣಿನ ಮೇಲೆ ಬೀಳುತ್ತದೆ.

ಇದನ್ನು ಅನುಭವಿಸಿಯೇ ಹೇಳುತ್ತಿದ್ದೇನೆ. ನನಗೆ ಹದಿನೈದು ವರ್ಷ ಇದ್ದಾಗ ಒಬ್ಬರು ಕೋಚ್ ಇದ್ದರು. ‘ಚೆಂಡು ಹೋದರೆ ಆಳು ಹೋಗಬಾರದು’ ಅನ್ನುವುದು ಅವರ ಒಂದೇ ಪಾಠ. ಹೇಗೆ ನಿಲ್ಲಬೇಕು ಅಂತ ಒಂದು ದಿನವೂ ಹೇಳಲಿಲ್ಲ. ಕೆಂಪು ಮಣ್ಣಿನ ಗ್ರೌಂಡಿನಲ್ಲಿ ನನಗಿಂತ ದಪ್ಪ ಹುಡುಗನ ಎದುರು ಹಿಂದಕ್ಕೆ ವಾಲಿಕೊಂಡೇ ಕಾಲು ಹಾಕಿದೆ. ಗಿಣ್ಣಿನ ಲಿಗಮೆಂಟ್, ಅಂದರೆ ಮೂಳೆಗಳನ್ನು ಹಿಡಿದಿಡುವ ಪಟ್ಟಿ, ಹರಿಯಿತು. ಇವತ್ತಿಗೂ ಮೋಡ ಕಟ್ಟಿದರೆ ಎಡಗಾಲಿನ ಗಿಣ್ಣು ಮೊದಲು ಹೇಳುತ್ತದೆ.

ಅದಕ್ಕೇ ನಾನು ಚೆಂಡನ್ನು ನಿಲ್ಲಿಸಿಯೇ ಶುರು ಮಾಡುತ್ತೇನೆ. ಇಬ್ಬರು ಎದುರುಬದುರು, ನಡುವೆ ಚೆಂಡು, ಒಂದೊಂದೇ ಹೆಜ್ಜೆ ದೂರ. ಮೂರು ಎಣಿಸಿದಾಗ ಇಬ್ಬರೂ ಒಟ್ಟಿಗೆ. ಎರಡೂ ಪಾದ ಬಿಗಿಯಾಗಿದ್ದರೆ ‘ದಬ್’ ಅಂತ ಗಟ್ಟಿ ಸದ್ದು ಬರುತ್ತದೆ. ಸಡಿಲವಾಗಿದ್ದರೆ ‘ಪಟ್’ ಅಂತ ತೆಳ್ಳಗೆ. ನಾಲ್ಕು ದಿನದಲ್ಲಿ ಮಕ್ಕಳೇ ಸದ್ದು ಕೇಳಿ ಪರಸ್ಪರ ತಿದ್ದುತ್ತಾರೆ. ಮೊಣಕಾಲಿನ ಕೆಳಗೆ ಮುಂಗಾಲಿಗೆ ಹಾಕುವ ಶಿನ್ ಗಾರ್ಡ್ ಇಲ್ಲದೆ ಯಾರೂ ಇದನ್ನು ಮಾಡುವಂತಿಲ್ಲ. ಆಟದ ನಿಯಮದಲ್ಲೇ ಅದು ಕಡ್ಡಾಯ. ದೊಡ್ಡ ಆಟಗಾರರನ್ನು ನೋಡಿ ಬಿಸ್ಕತ್ತಿನಷ್ಟು ಚಿಕ್ಕ ಗಾರ್ಡ್ ಸಿಕ್ಕಿಸಿಕೊಂಡು ಬರುವವರನ್ನು ವಾಪಸ್ ಕಳಿಸುತ್ತೇನೆ.

ನೆಲದ ಮೇಲೆ ಜಾರಿ ಚೆಂಡು ಕಸಿಯುವ ಸ್ಲೈಡ್ ಟ್ಯಾಕಲ್? ಹನ್ನೆರಡು ದಾಟುವ ತನಕ ನಾನು ಕಲಿಸುವುದಿಲ್ಲ. ಆಮೇಲೂ ಮಳೆಗಾಲದ ಒದ್ದೆ ಹುಲ್ಲಿನ ಮೇಲೆ ಮಾತ್ರ. ಟರ್ಫ್ ಮೇಲೆ ಜಾರಿದರೆ ತೊಡೆಯ ಚರ್ಮ ಕಿತ್ತು ಬರುತ್ತದೆ. ಒಂದು ಕಾಲು ಮಡಚಿ ತೊಡೆಯ ಪಕ್ಕಕ್ಕೆ ಬೀಳಬೇಕು, ಕೈಯನ್ನು ಹಿಂದಕ್ಕೆ ಊರಬಾರದು, ಬೂಟಿನ ಅಡಿಯ ಸ್ಟಡ್ ಮೇಲಕ್ಕೆ ಏಳಬಾರದು. ಇನ್ನೊಂದು ಮಾತು, ‘ಚೆಂಡು ಮುಟ್ಟಿದ್ದೀನಿ ಸರ್’ ಅನ್ನುವುದು ರೆಫರಿ ಮುಂದೆ ನಡೆಯುವುದಿಲ್ಲ. ಅಜಾಗರೂಕತೆಗೆ ಫ್ರೀ ಕಿಕ್, ಎದುರಾಳಿಯ ಗತಿ ಏನು ಅಂತ ನೋಡದೆ ನುಗ್ಗಿದರೆ ಹಳದಿ ಕಾರ್ಡ್, ಮಿತಿಮೀರಿದ ಬಲಕ್ಕೆ ಕೆಂಪು. ಚೆಂಡು ಮೊದಲು ಮುಟ್ಟಿದರೂ ಅಷ್ಟೇ.

ಬರಿಗಾಲಲ್ಲಿ ಆಡಿದವರಿಗೆ ಇದೆಲ್ಲ ಬೇರೆಯೇ ರೀತಿ ಗೊತ್ತಿತ್ತು ಅನಿಸುತ್ತದೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ಫ್ರಾನ್ಸ್ ಎದುರು 1-2ರಿಂದ ಸೋತಿತು. ನಮ್ಮ ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ತಂಡದ ಹೆಚ್ಚಿನವರು ಬೂಟು ಹಾಕಿರಲಿಲ್ಲ. ಬೂಟಿನ ಎದುರು ಬರಿಗಾಲು ಹಾಕುವವನು ಎರಡು ಸಲ ಯೋಚಿಸುತ್ತಾನೆ, ಅಲ್ವಾ? ನಾನೂ ವಾರಕ್ಕೊಮ್ಮೆ ಮಕ್ಕಳಿಗೆ ಶೂ ಬಿಚ್ಚಿಸಿ ಹುಲ್ಲಿನ ಮೇಲೆ ಹತ್ತು ನಿಮಿಷ ಆಡಿಸುತ್ತೇನೆ. ಆ ಹತ್ತು ನಿಮಿಷ ಯಾರೂ ಸುಮ್ಮಸುಮ್ಮನೆ ಕಾಲು ಚಾಚುವುದಿಲ್ಲ.

ಇನ್ನು ಬೆಳೆಯುವ ವಯಸ್ಸು. ಹೆಣ್ಣುಮಕ್ಕಳು ಹನ್ನೆರಡರ ಆಸುಪಾಸಿನಲ್ಲಿ, ಹುಡುಗರು ಹದಿನಾಲ್ಕರ ಆಸುಪಾಸಿನಲ್ಲಿ ಸರ್ರನೆ ಉದ್ದ ಆಗುತ್ತಾರೆ. ಮೊದಲು ಕಾಲು ಬೆಳೆಯುತ್ತದೆ, ಆಮೇಲೆ ಮೈ. ಕಳೆದ ವರ್ಷ ಚಿರತೆಯ ಹಾಗಿದ್ದ ಹುಡುಗ ಈ ವರ್ಷ ಒಂಟೆ ಮರಿಯಂತೆ ತಡವರಿಸುತ್ತಾನೆ. ಸೋಮಾರಿ ಆದ ಅಂತ ಅಪ್ಪ ಬೈಯುತ್ತಾರೆ. ಸೋಮಾರಿ ಅಲ್ಲ, ಅವನ ಸೊಂಟ ಈಗ ನೆಲದಿಂದ ಇನ್ನಷ್ಟು ಮೇಲೆ ಹೋಗಿದೆ, ಅಷ್ಟೇ. ಈ ಹೊತ್ತಿನಲ್ಲಿ ನಾನು ನೋಡುವುದು ಮಂಡಿ. ಬ್ರೇಕ್ ಹಾಕುವಾಗ ಮಂಡಿ ಒಳಕ್ಕೆ ಮಡಚಿದರೆ ಅಪಾಯ. ಹದಿಹರೆಯದ ಹುಡುಗಿಯರಲ್ಲಿ ಮಂಡಿಯ ಲಿಗಮೆಂಟ್ ಹರಿಯುವುದು ಹುಡುಗರಿಗಿಂತ ಜಾಸ್ತಿ. ಫಿಫಾದ ‘11 ಪ್ಲಸ್’ ಅನ್ನುವ ಸುಮಾರು 20 ನಿಮಿಷದ ವಾರ್ಮ್ ಅಪ್ ಇದೆ. ಒಂಟಿಕಾಲಲ್ಲಿ ನಿಲ್ಲುವುದು, ಬಸ್ಕಿ, ಜಿಗಿದು ಮೆತ್ತಗೆ ಇಳಿಯುವುದು ಎಲ್ಲ ಅದರಲ್ಲಿದೆ. ನಾವು ಅದನ್ನು ಬಿಡದೆ ಮಾಡುತ್ತೇವೆ. ಹಿಮ್ಮಡಿ ನೋವು, ಮಂಡಿಯ ಕೆಳಗೆ ಗಂಟು ಅಂತ ಮಗು ಹೇಳಿದರೆ ಆಟ ನಿಲ್ಲಿಸಿ ಡಾಕ್ಟರಿಗೆ ತೋರಿಸಿ.

ಮೊನ್ನೆ ಒಂದು ಪಂದ್ಯ. ನಮ್ಮ ಹನ್ನೊಂದು ವರ್ಷದ ಡಿಫೆಂಡರ್ ಎದುರು ಮೈದಾನದ ಅಂಚಿನಲ್ಲಿ ಓಡುವ ಮಿಂಚಿನಂಥ ವಿಂಗರ್. ನಮ್ಮವನು ಓಡಿ ಬಂದ, ಗಿಡ್ಡ ಹೆಜ್ಜೆ ಹಾಕಿದ, ಸೊಂಟ ಇಳಿಸಿದ. ಹೊರಗಿನಿಂದ ಅವನಪ್ಪ ‘ಹಾಕೋ, ಕಾಲು ಹಾಕೋ’ ಅಂತ ಕೂಗುತ್ತಲೇ ಇದ್ದರು. ಅವನು ಹಾಕಲಿಲ್ಲ. ಓರೆಯಾಗಿ ಸರಿಯುತ್ತಾ ಸರಿಯುತ್ತಾ ವಿಂಗರ್‌ನನ್ನು ಗೆರೆಯತ್ತ ಒತ್ತಿದ. ವಿಂಗರ್ ಗಡಿಬಿಡಿಯಲ್ಲಿ ಚೆಂಡನ್ನು ತಾನೇ ಗೆರೆಯಾಚೆ ಒದ್ದ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಹುಡುಗ ನನ್ನ ಕಡೆ ತಿರುಗಿ, ಎರಡೂ ಕೈ ಅಗಲಿಸಿ, ಮೆಲ್ಲಗೆ ‘ಕೊಕ್ಕೊಕ್ಕೋ’ ಅಂದ.