ಬಚ್ಚಲುಮನೆಯ ಜೇಡ ಮತ್ತು ಅದರ ಮೇಲಿನ ಅಪವಾದ

ಪ್ರಶ್ನೆ: ಮದುವೆಯಾಗಿ ತೀರ್ಥಹಳ್ಳಿ ಕಡೆಯ ಹಳೇ ಹೆಂಚಿನ ಮನೆಗೆ ಬಂದು ಎರಡು ವರ್ಷವಾಯಿತು. ಬಚ್ಚಲುಮನೆಯ ಗೋಡೆ ಮೇಲೆ ಅಂಗೈ ಅಗಲದ ಜೇಡ ಇರುತ್ತದೆ. ಕಂಡ ಕೂಡಲೇ ಎದೆ ಡವಡವ ಅನ್ನುತ್ತದೆ, ಕೈಕಾಲು ಬೆವರುತ್ತದೆ. ರಾತ್ರಿ ಬಚ್ಚಲಿಗೆ ಹೋಗಬೇಕಾದರೆ ಯಜಮಾನರನ್ನು ಎಬ್ಬಿಸಬೇಕು. ಜೇಡ ಮೈಮೇಲೆ ಉಚ್ಚೆ ಹೊಯ್ದರೆ ಗುಳ್ಳೆ ಏಳುತ್ತದೆ ಅಂತ ಅತ್ತೆ ಬೇರೆ ಹೇಳುತ್ತಾರೆ. ಈ ಹೆದರಿಕೆ ಹೋಗುವುದು ಹೇಗೆ?

ಉತ್ತರ: ಈ ಪ್ರಶ್ನೆ ನನಗೆ ಹೊಸದಲ್ಲ. ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದಾಗಿನಿಂದ ಪ್ರತಿ ಮಳೆಗಾಲಕ್ಕೂ ಯಾರಾದರೂ ಕೇಳುತ್ತಲೇ ಬಂದಿದ್ದಾರೆ. ಹೇಳಿ ಹೇಳಿ ಬಾಯಿ ನೋವು ಬಂದಿದೆ. ಇದೊಂದು ಸಲ ಪೂರ್ತಿ ಬಿಡಿಸಿ ಹೇಳುತ್ತೇನೆ, ದಯವಿಟ್ಟು ಮನೆಯವರಿಗೆಲ್ಲ ಓದಿ ಹೇಳಿ.

ಹೆದರಿಕೆ ಖಂಡಿತ ಹೋಗುತ್ತದೆ. ದಿನಕ್ಕೆ ಒಂದಿಷ್ಟು ಹತ್ತಿರ ಹೋಗುತ್ತಾ ಅಭ್ಯಾಸ ಮಾಡಬೇಕು, ಅಷ್ಟೇ. ಆದರೆ ಅದಕ್ಕೆ ಮುಂಚೆ ಆ ಉಚ್ಚೆಯ ಮಾತು ಇತ್ಯರ್ಥ ಆಗಬೇಕು. ಮೈ ಸುಡುತ್ತದೆ ಅಂತ ನಂಬಿಕೊಂಡವರಿಗೆ ಹತ್ತಿರ ಹೋಗಿ ಅಂದರೆ ಅವರು ಹೋಗುತ್ತಾರಾ?

ಅತ್ತೆಯವರು ಸುಳ್ಳು ಹೇಳುತ್ತಿಲ್ಲ. ನನ್ನ ಅಜ್ಜಿಯೂ ಇದನ್ನೇ ಹೇಳುತ್ತಿದ್ದರು. ಗುಳ್ಳೆ ಏಳುವುದು ನಿಜ, ಉರಿಯೂ ನಿಜ. ಮಾಡಿದ್ದು ಮಾತ್ರ ಜೇಡ ಅಲ್ಲ.

ಮೊದಲನೆಯದಾಗಿ, ಜೇಡಕ್ಕೆ ನಮ್ಮ ಹಾಗೆ ನೀರಾದ ಉಚ್ಚೆಯೇ ಇಲ್ಲ. ಮೈಯಲ್ಲಿರುವ ನೀರನ್ನು ಅದು ಸುಮ್ನೆ ಹೊರಗೆ ಚೆಲ್ಲುವುದಿಲ್ಲ. ಅದರ ಕಶ್ಮಲದಲ್ಲಿ ಹೆಚ್ಚಿನ ಪಾಲು ಗ್ವಾನಿನ್ ಎಂಬ ಬಿಳಿ ವಸ್ತು. ಬಲೆಯ ಕೆಳಗೆ ನೆಲದ ಮೇಲೆ, ಗೋಡೆ ಮೇಲೆ ಸುಣ್ಣ ಸಿಡಿದ ಹಾಗೆ ಬಿಳಿ ಚುಕ್ಕಿ ಇರುತ್ತವಲ್ಲ, ಅದೇ ಇದು. ಇದರಿಂದ ಚರ್ಮ ಸುಡುವುದಿಲ್ಲ. ಯೋಚನೆ ಮಾಡಿ. ಹಬ್ಬಕ್ಕೆ ಮುಂಚೆ ಉದ್ದ ಕೋಲಿಗೆ ಪೊರಕೆ ಕಟ್ಟಿ ಅಟ್ಟದ ಬಲೆಯೆಲ್ಲ ತೆಗೆಯುತ್ತೇವೆ. ಬಲೆ, ಧೂಳು, ಆ ಬಿಳಿ ಚುಕ್ಕಿ ಎಲ್ಲ ತಲೆ ಮೇಲೆ, ಕುತ್ತಿಗೆ ಮೇಲೆ ಉದುರುತ್ತದೆ. ಜೇಡದ ಉಚ್ಚೆಗೆ ಗುಳ್ಳೆ ಬರುವುದೇ ಆಗಿದ್ದರೆ ಮಲೆನಾಡಿನ ಮನೆಮನೆಯಲ್ಲೂ ಹಬ್ಬದ ದಿನ ಎಲ್ಲರೂ ಮೈ ಕೆರೆದುಕೊಂಡು ಕೂರಬೇಕಿತ್ತು.

ಹಾಗಾದರೆ ಯಾರು ಮಾಡಿದ್ದು? ಹೆಚ್ಚಿನ ಸಲ ಒಂದು ಪುಟ್ಟ ಜೀರುಂಡೆ ಜಾತಿಯ ಹುಳು. ಪೆಡೆರಸ್ ಅಂತ ಅದರ ಹೆಸರು. ಉದ್ದ ಒಂದು ಸೆಂಟಿಮೀಟರಿಗಿಂತ ಕಡಿಮೆ. ನೋಡಿದರೆ ಸಪೂರದ ಇರುವೆ ಅನ್ನಬೇಕು. ಮೈ ಕಿತ್ತಳೆ, ತಲೆ ಮತ್ತು ಬಾಲದ ತುದಿ ಕಪ್ಪು, ನಡುವೆ ಹೊಳೆಯುವ ಕಡುನೀಲಿ ಪಟ್ಟಿ. ಗದ್ದೆ ಬದಿಯಲ್ಲಿ, ತೇವ ಇರುವ ಕಡೆ ಜಾಸ್ತಿ. ರಾತ್ರಿ ಟ್ಯೂಬ್‌ಲೈಟ್ ಬೆಳಕಿಗೆ ಮನೆಯೊಳಗೆ ಬರುತ್ತದೆ. ಪಾಪ, ಅದು ಕಚ್ಚುವುದೂ ಇಲ್ಲ, ಚುಚ್ಚುವುದೂ ಇಲ್ಲ. ಕುತ್ತಿಗೆ ಮೇಲೆ ಏನೋ ಹರಿದ ಹಾಗಾಗುತ್ತದೆ, ನಿದ್ದೆಗಣ್ಣಲ್ಲಿ ನಾವು ಕೈಯಲ್ಲಿ ಉಜ್ಜಿಬಿಡುತ್ತೇವೆ. ಹುಳು ಜಜ್ಜಿಹೋಗಿ ಅದರ ಮೈಯೊಳಗಿನ ಪೆಡೆರಿನ್ ಎಂಬ ರಸ ಚರ್ಮಕ್ಕೆ ತಾಗುತ್ತದೆ.

ಈಗ ಮೋಸ ಹೋಗುವ ಜಾಗ ನೋಡಿ. ಗುಳ್ಳೆ ಆಗಲೇ ಏಳುವುದಿಲ್ಲ. ಒಂದು ದಿನ, ಕೆಲವೊಮ್ಮೆ ಎರಡು ದಿನ ಬಿಟ್ಟು ಏಳುತ್ತದೆ. ಆ ಹೊತ್ತಿಗೆ ಹುಳು ಎಲ್ಲಿ? ಯಾರಿಗೂ ನೆನಪಿಲ್ಲ. ಹಾಸಿಗೆಯಲ್ಲಿ ಕೂತು ಮೇಲೆ ನೋಡಿದರೆ ಜಂತಿಯಲ್ಲಿ ಜೇಡ ತನ್ನ ಪಾಡಿಗೆ ಇದೆ. ಅಲ್ಲಿಗೆ ತೀರ್ಪು ಆಗಿಹೋಯಿತು!

ಗುಳ್ಳೆ ಗೆರೆ ಎಳೆದ ಹಾಗೆ ಉದ್ದಕ್ಕೆ ಎದ್ದಿದ್ದರೆ ಅದು ನೀವು ಉಜ್ಜಿದ ಗೆರೆ. ಮೊಣಕೈ ಒಳಗಡೆ ಆಗಿದ್ದರೆ ಮಡಚಿದಾಗ ಒಂದಕ್ಕೊಂದು ತಾಗುವ ಎರಡೂ ಕಡೆ ಒಂದೇ ಅಚ್ಚು ಬಿದ್ದಿರುತ್ತದೆ. ಜೇಡ ಬಂದು ಹಾಗೆ ಅಳತೆ ಹಿಡಿದು ಹೊಯ್ಯುತ್ತದಾ? ಈ ಹುಳು ಮೈಮೇಲೆ ಕಂಡರೆ ಉಜ್ಜಬೇಡಿ, ಉಫ್ ಅಂತ ಊದಿಬಿಡಿ. ಜಜ್ಜಿಹೋದರೆ ಕೂಡಲೇ ಸೋಪು ಹಾಕಿ ತೊಳೆಯಿರಿ. ಆ ಕೈಯಲ್ಲಿ ಕಣ್ಣು ಮುಟ್ಟಬೇಡಿ.

ಜೇಡದ ತಲೆಗೆ ಕಟ್ಟುವ ಇನ್ನೊಂದು ಕಾಯಿಲೆ ಇದೆ, ಅದರ ವಿಷಯದಲ್ಲಿ ನನಗೆ ಸಿಟ್ಟೇ ಬರುತ್ತದೆ. ಅದು ಸರ್ಪಸುತ್ತು. ಬೆನ್ನಿನಿಂದ ಎದೆ ಕಡೆಗೆ ಒಂದೇ ಪಕ್ಕಕ್ಕೆ ಪಟ್ಟಿಯ ಹಾಗೆ ಗುಳ್ಳೆ ಏಳುತ್ತದೆ, ಅದಕ್ಕೂ ಮುಂಚೆ ಅಲ್ಲೇ ಉರಿ, ನೋವು. ಇದು ವೈರಸ್ಸಿನಿಂದ ಬರುವುದು. ಚಿಕ್ಕಂದಿನಲ್ಲಿ ಚಿಕನ್ ಪಾಕ್ಸ್ ಆಗಿತ್ತಲ್ಲ, ಅದೇ ವೈರಸ್ ನರದ ಬುಡದಲ್ಲಿ ಹತ್ತಾರು ವರ್ಷ ಅಡಗಿ ಕೂತು, ಮೈಯಲ್ಲಿ ಕಸುವು ಕಡಿಮೆಯಾದಾಗ ಎದ್ದು ಬರುತ್ತದೆ. ಇದಕ್ಕೆ ಒಳ್ಳೆಯ ಮಾತ್ರೆ ಇದೆ. ಆದರೆ ಗುಳ್ಳೆ ಎದ್ದ 72 ಗಂಟೆಯೊಳಗೆ ಶುರು ಮಾಡಿದರೆ ಅದರ ಗುಣ ಜಾಸ್ತಿ. ‘ಜೇಡ ಉಚ್ಚೆ ಹೊಯ್ದದ್ದು’ ಅಂತ ಏನೇನೋ ಅರೆದು ಹಚ್ಚಿಕೊಂಡು ನಾಲ್ಕು ದಿನ ಕಳೆದು ಬಂದವರನ್ನು ಕಂಡಿದ್ದೇನೆ. ಗುಳ್ಳೆ ಒಣಗಿದರೂ ನೋವು ತಿಂಗಳುಗಟ್ಟಲೆ ಉಳಿಯಿತು. ಹಣೆ, ಕಣ್ಣಿನ ಹತ್ತಿರ ಎದ್ದರಂತೂ ಅದೇ ದಿನ ಡಾಕ್ಟರ ಹತ್ತಿರ ಹೋಗಬೇಕು, ದೃಷ್ಟಿಗೇ ಅಪಾಯ.

ಇನ್ನು ನಿಮ್ಮ ಬಚ್ಚಲಿನ ಜೇಡದ ವಿಷಯ. ಅಂಗೈ ಅಗಲ, ಕಂದು ಬಣ್ಣ, ಚಪ್ಪಟೆ ಮೈ, ಬಲೆ ಇಲ್ಲ, ಓಡಿದರೆ ಕಣ್ಣಿಗೆ ಸಿಗುವುದಿಲ್ಲ ಅಂದರೆ ಅದು ಹಂಟ್ಸ್‌ಮನ್ ಜೇಡವೇ ಇರಬೇಕು. ರಾತ್ರಿ ಜಿರಲೆ ಹಿಡಿದು ತಿನ್ನುತ್ತದೆ. ದೀಪ ಹಾಕಿದ ಕೂಡಲೇ ಓಡುವುದು ನಿಮ್ಮನ್ನು ಅಟ್ಟಿಸಿಕೊಂಡು ಅಲ್ಲ, ಅಡಗಲು ಸಂದಿ ಹುಡುಕಿಕೊಂಡು. ಕೆಲವೊಮ್ಮೆ ಹೊಟ್ಟೆ ಕೆಳಗೆ ಬಿಳಿ ಬಿಲ್ಲೆಯ ಹಾಗೆ ಒಂದನ್ನು ಹೊತ್ತಿರುತ್ತದೆ. ಅದು ಮೊಟ್ಟೆಚೀಲ. ತಾಯಿ ಅದನ್ನು ಬಿಟ್ಟು ಕದಲುವುದಿಲ್ಲ. ಹಿಡಿದು ಒತ್ತಿದರೆ ಕಚ್ಚೀತು, ಆಗ ಜೇನು ಹೊಡೆದಷ್ಟು ನೋವು, ಊತ. ಅದಾಗಿಯೇ ಬಂದು ಕಚ್ಚುವುದಿಲ್ಲ. ತೋಟದ ಮರದ ಪೊಟರೆಯಲ್ಲಿ ಕೂದಲು ತುಂಬಿದ ದೊಡ್ಡ ಜೇಡಗಳಿವೆ, ಅವು ಕಚ್ಚಿದರೆ ನೋವು ಜಾಸ್ತಿ. ಪೊಟರೆಗೆ ಕೈ ಹಾಕಬೇಡಿ.

ಈಗ ಅಭ್ಯಾಸಕ್ಕೆ ಬರೋಣ. 1924ರಲ್ಲಿ ಅಮೆರಿಕದ ಮೇರಿ ಕವರ್ ಜೋನ್ಸ್ ಎಂಬ ಮನಶ್ಶಾಸ್ತ್ರಜ್ಞೆ ಮೊಲಕ್ಕೆ ಹೆದರುತ್ತಿದ್ದ ಸುಮಾರು ಮೂರು ವರ್ಷದ ಮಗುವಿನ ಹೆದರಿಕೆ ಬಿಡಿಸಿದರು. ಮಗು ಇಷ್ಟದ ತಿಂಡಿ ತಿನ್ನುವಾಗ ಬೋನಿನಲ್ಲಿದ್ದ ಮೊಲವನ್ನು ದೂರದಲ್ಲಿ ಇಟ್ಟು, ದಿನ ಕಳೆದ ಹಾಗೆ ಹತ್ತಿರ ತಂದರು. ಕೊನೆಗೆ ಮಗು ಮೊಲವನ್ನು ಮುಟ್ಟಿ ಆಡಿತು. ಹೊಸ ಹಸುವನ್ನು ಕೊಟ್ಟಿಗೆಗೆ ಒಗ್ಗಿಸುವಾಗ ನಮ್ಮ ಮನೆಗಳಲ್ಲಿ ಮಾಡುವುದೂ ಇದನ್ನೇ ಅಲ್ವಾ? ಇವತ್ತಿಗೂ ಈ ಥರದ ಹೆದರಿಕೆಗೆ ಮುಖ್ಯ ಚಿಕಿತ್ಸೆ ಇದೇ.

ನೀವು ಹೀಗೆ ಮಾಡಿ. ಮೊದಲು ಕಾಗದದ ಮೇಲೆ ಜೇಡದ ಚಿತ್ರ ಬರೆಯಿರಿ. ಹೆದರಿಕೆಗೆ ಹತ್ತರಲ್ಲಿ ಎಷ್ಟು ಅಂಕ ಅಂತ ಪಕ್ಕದಲ್ಲಿ ಬರೆದುಕೊಳ್ಳಿ. ಆರು ಅಂದರೆ, ಅದು ಮೂರಕ್ಕೆ ಇಳಿಯುವ ತನಕ ನೋಡುತ್ತಾ ಕೂರಿ. ಎದೆ ಹೊಡೆದುಕೊಳ್ಳಲಿ ಬಿಡಿ, ತಾನಾಗಿ ಇಳಿಯುತ್ತದೆ. ಆಮೇಲೆ ಫೋಟೋ, ಅದು ಸಲೀಸಾದ ಮೇಲೆ ಮೊಬೈಲಿನಲ್ಲಿ ಓಡುವ ಜೇಡ. ಆಮೇಲೆ ಹಗಲಿನಲ್ಲಿ ಬಚ್ಚಲಿನ ಬಾಗಿಲಲ್ಲಿ ನಿಂತು ನಿಜವಾದ ಜೇಡ. ನಾಳೆ ಒಂದು ಹೆಜ್ಜೆ ಮುಂದೆ. ಒಂದೇ ಒಂದು ನಿಯಮ ಮರೆಯಬೇಡಿ: ಹೆದರಿಕೆ ಏರಿರುವಾಗ ಓಡಬಾರದು. ಓಡಿದಾಗ ಸಿಗುವ ಆ ನಿಟ್ಟುಸಿರೇ ‘ಓಡಿದ್ದಕ್ಕೆ ಬದುಕಿದೆ’ ಅಂತ ಮನಸ್ಸಿಗೆ ಪಾಠ ಹೇಳಿಕೊಡುತ್ತದೆ, ಮುಂದಿನ ಸಲ ಹೆದರಿಕೆ ಇನ್ನೂ ಬಲಿಯುತ್ತದೆ. ಯಜಮಾನರು ಜೊತೆಗೆ ನಿಲ್ಲಲಿ, ಆದರೆ ಜೇಡವನ್ನು ಹೊಡೆದು ಹಾಕುವುದು ಬೇಡ. ತಮಾಷೆಗೆ ಮೈಮೇಲೆ ಎಸೆಯುವವರಿದ್ದರೆ ಅವರನ್ನು ದೂರ ಇಡಿ, ವಾರದ ಕೆಲಸ ಒಂದು ಗಳಿಗೆಯಲ್ಲಿ ಹಾಳಾಗುತ್ತದೆ.

ಕೊನೆಯ ಹೆಜ್ಜೆ ಗಾಜಿನ ಲೋಟದ್ದು. ದೊಡ್ಡ ಬಾಯಿಯ ಲೋಟ ಅಥವಾ ಡಬ್ಬಿಯನ್ನು ಜೇಡದ ಮೇಲೆ ಮೆಲ್ಲಗೆ ಕವುಚಿ, ಹಳೇ ಲಗ್ನಪತ್ರಿಕೆಯನ್ನು ಅಡಿಯಿಂದ ತೂರಿಸಿ, ಹೊರಗೆ ಸೌದೆ ಕೊಟ್ಟಿಗೆಯಲ್ಲಿ ಬಿಟ್ಟು ಬನ್ನಿ. ಮೊಟ್ಟೆಚೀಲ ಹೊತ್ತಿದ್ದರೆ ಆ ದಿನ ಬೇಡ. ಒಬ್ಬರೇ ಮಾಡಲು ಆಗದಿದ್ದರೆ ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕೇಳಿ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದುಡ್ಡಿಲ್ಲದೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಒಂದು ವಿಷಯ ನೀವು ಕೇಳಲಿಲ್ಲ, ನಾನು ಹೇಳದೆ ಬಿಡಲಾರೆ. ಜೇಡ ಕಂಡರೆ ಕಿರುಚುವ ಎಷ್ಟೋ ಜನ ದರಗು ಗುಡಿಸಲು ಬರಿಗಾಲಲ್ಲಿ ಕಾಡಿಗೆ ಹೋಗುತ್ತಾರೆ. ಆ ಒಣಎಲೆಯಲ್ಲಿ ಇನ್ನೊಂದು ಎಂಟು ಕಾಲಿನದ್ದು ಇದೆ: ಉಣುಗು. ಜೇಡದ ದೂರದ ನೆಂಟ. ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತು ಬಿದ್ದಾಗ ಗೊತ್ತಾದ ಮಂಗನ ಕಾಯಿಲೆ ಹರಡುವುದು ಇದರಿಂದ. 2019ರಲ್ಲಿ ಸಾಗರ ತಾಲೂಕಿನ ಅರಳಗೋಡಿನಲ್ಲಿ ಅದು ಎಷ್ಟು ಮನೆಗಳಲ್ಲಿ ಕಣ್ಣೀರು ಹಾಕಿಸಿತು ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಉಣುಗಿನ ಮರಿ ಸಾಸಿವೆಯಷ್ಟೂ ಇರುವುದಿಲ್ಲ, ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಹಾಗಾಗಿ ಯಾರೂ ಕಿರುಚುವುದಿಲ್ಲ.

ನವೆಂಬರಿನಿಂದ ಮಳೆ ಶುರುವಾಗುವ ತನಕ ಕಾಡಿಗೆ, ಸೊಪ್ಪಿನ ಬೆಟ್ಟಕ್ಕೆ ಹೋಗುವವರು ಮೈತುಂಬ ಬಟ್ಟೆ ಹಾಕಿ, ಉಣುಗು ಹತ್ತದ ಹಾಗೆ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಳ್ಳಿ. ಬಂದ ಕೂಡಲೇ ಬಿಸಿನೀರಲ್ಲಿ ಸೋಪು ಹಾಕಿ ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ. ಸತ್ತ ಮಂಗ ಕಂಡರೆ ಮುಟ್ಟದೆ ಆಸ್ಪತ್ರೆಗೆ ತಿಳಿಸಿ. ಆ ದಿನಗಳಲ್ಲಿ ಇದ್ದಕ್ಕಿದ್ದ ಹಾಗೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಕಷಾಯ ಕುಡಿದು ಮಲಗಬೇಡಿ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತ ಪರೀಕ್ಷೆ ಮಾಡಿಸಿ.

ನೀವು ಇವತ್ತೇ ಚಿತ್ರದಿಂದ ಶುರು ಮಾಡಿ. ಎರಡು ವಾರ ಬಿಟ್ಟು ಆ ಅಂಕಗಳ ಹಾಳೆಯನ್ನು ನನಗೆ ಕಳಿಸಿ, ಎಲ್ಲಿ ತಡೆದಿದೆ ಅಂತ ನೋಡಿ ಹೇಳುತ್ತೇನೆ.